65 ಡಿಗ್ರಿ ಉತ್ತರದಲ್ಲಿ ಕರಿಬೇವು, ಸಬ್ಬಸಿಗೆ, ಅವರೆ

ಅಕ್ಟೋಬರ್‌ನಲ್ಲಿ ಫಿನ್ಲೆಂಡಿನ ಔಲು ನಗರಕ್ಕೆ ಬಂದಿಳಿದ ನೀವು, ಹಾಸನದ ಮನೆಯ ಹಿತ್ತಿಲನ್ನು ನೆನೆದು, ಈ ಚಳಿಯಲ್ಲಿ ಕರಿಬೇವು, ಕೊತ್ತಂಬರಿ, ಅವರೆ ಬೆಳೆಯಲು ಸಾಧ್ಯವೇ ಎಂದು ಕೇಳಿದ್ದೀರಿ. 14 ವರ್ಷಗಳಿಂದ ಇದೇ ಊರಿನಲ್ಲಿ ಕಿಟಕಿಯ ಬಳಿ, ಬಾಲ್ಕನಿಯಲ್ಲಿ ಮತ್ತು ಬೇಸಿಗೆಗೆಂದು ಬಾಡಿಗೆಗೆ ಪಡೆದ ತುಂಡು ನೆಲದಲ್ಲಿ ಕೈತೋಟ ಮಾಡುತ್ತಿರುವ ನಾನು ಮೊದಲು ಹೇಳಬೇಕಾದದ್ದು ಬೆಳಕಿನ ವಿಷಯ; ಇಲ್ಲಿಯ ಗಿಡಗಳ ಬದುಕನ್ನು ಚಳಿಗಿಂತ ಹೆಚ್ಚಾಗಿ ನಿರ್ಧರಿಸುವುದು ಅದೇ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರವಷ್ಟೇ. ಔಲುವಿನಲ್ಲಿ ಡಿಸೆಂಬರ್ ಕೊನೆಯ ಹಗಲು ಮೂರೂವರೆ ಗಂಟೆಯದಾದರೆ ಜೂನ್ ಕೊನೆಯ ಹಗಲು 22 ಗಂಟೆಯದು. ಇದನ್ನು ಅರಿಯದೆ, ಊರಿನ ಅಭ್ಯಾಸದಂತೆ ಬಿತ್ತಿ ನಾನು ಮೊದಲ ಎರಡು ವರ್ಷಗಳನ್ನು ಕಳೆದುಕೊಂಡೆ.

ಸದ್ಯಕ್ಕೆ ನಿಮಗೆ ಬೇಕಾಗಿರುವುದು ಗಿಡಗಳಿಗೆಂದೇ ಸಿಗುವ ಒಂದು ಎಲ್‌ಇಡಿ ದೀಪ ಮತ್ತು ಅದನ್ನು ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸುವ ಟೈಮರ್. ದೀಪವನ್ನು ಎಲೆಗಳಿಂದ ಒಂದು ಅಡಿ ಮೇಲೆ ತೂಗುಹಾಕಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ತುಳಸಿಯೂ ಮೆಂತ್ಯವೂ ನಡುಚಳಿಗಾಲದಲ್ಲಿಯೇ ಚಿಗುರುತ್ತವೆ. ಕಿಟಕಿಯ ಬೆಳಕನ್ನೇ ನಂಬಿದರೆ ಸಸಿಗಳು ಬಿಳಿಚಿಕೊಂಡು ದಾರದಂತೆ ಉದ್ದಕ್ಕೆ ಬೆಳೆದು ಮಲಗುತ್ತವೆ. ಕರಿಬೇವಿಗೆ ಇನ್ನೂ ಎರಡು ತೊಂದರೆಗಳಿವೆ. ಹೊರಗೆ ಮೈನಸ್ 25 ಡಿಗ್ರಿ ಇದ್ದ ಒಂದು ರಾತ್ರಿ ನನ್ನ ಗಿಡದ ಕೆಲವು ಎಲೆಗಳು ಕಿಟಕಿಯ ಗಾಜಿಗೆ ಒರಗಿದ್ದವು. ಬೆಳಗ್ಗೆ ಗಾಜಿಗೆ ತಾಗಿದ್ದಷ್ಟು ಭಾಗ ಮಾತ್ರ ಸುಟ್ಟಂತೆ ಕಪ್ಪಾಗಿ, ಉಳಿದರ್ಧ ಹಸಿರಾಗಿಯೇ ಇತ್ತು. ಎರಡನೆಯದು, ಮನೆಯನ್ನು ಬೆಚ್ಚಗಿಡುವ ರೇಡಿಯೇಟರಿನ ಒಣಗಾಳಿ. ಅದರಲ್ಲಿ ಕೆಂಪು ಜೇಡನುಸಿ ಬಹಳ ಬೇಗ ಹಬ್ಬುವುದರಿಂದ, ವಾರಕ್ಕೊಮ್ಮೆ ಕುಂಡವನ್ನು ಸ್ನಾನದ ಮನೆಗೆ ಒಯ್ದು ಎಲೆಗಳ ಅಡಿಭಾಗವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ. ಬುಡಕ್ಕೆ ಮಾತ್ರ ಚಳಿಗಾಲದಲ್ಲಿ ಮಿತವಾಗಿ ನೀರು ಹಾಕಿ. ಊರಿನಿಂದ ಗಿಡವನ್ನಾಗಲಿ ಬಿತ್ತನೆ ಬೀಜವನ್ನಾಗಲಿ ಸೂಟ್‌ಕೇಸಿನಲ್ಲಿ ತರಲು ಹೋಗಬೇಡಿ. 2019ರ ಡಿಸೆಂಬರ್ 14ರಿಂದ ಐರೋಪ್ಯ ಒಕ್ಕೂಟದೊಳಕ್ಕೆ ಇವನ್ನು ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಕಡ್ಡಾಯವಾಗಿದೆ. ಇಲ್ಲಿಯೇ ಬೇರು ಬಿಟ್ಟಿರುವ ಕರಿಬೇವಿನ ಬುಡದಲ್ಲಿ ಏಳುವ ಮರಿಗಿಡಗಳು ಒಬ್ಬರಿಂದ ಒಬ್ಬರಿಗೆ ಸಿಗುತ್ತವೆ. ನಿಮಗಾಗಿ ನಾನು ಒಂದನ್ನು ಎತ್ತಿಟ್ಟಿದ್ದೇನೆ.

ಜನವರಿಯಲ್ಲಿ ಮನಸ್ಸು ಕುಗ್ಗಿದಾಗ ಲಿನ್ನನ್ಮಾದಲ್ಲಿರುವ ಔಲು ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಹೋಗಿ ಬನ್ನಿ. ರೋಮಿಯೋ ಮತ್ತು ಜೂಲಿಯಾ ಎಂಬ ಹೆಸರಿನ ಅಲ್ಲಿಯ ಗಾಜಿನ ಪಿರಮಿಡ್‌ಗಳೊಳಗೆ ಕಾಲಿಟ್ಟೊಡನೆ ಬರುವ ಹಸಿಮಣ್ಣಿನ ವಾಸನೆ ನನ್ನನ್ನು ಎಷ್ಟೋ ಚಳಿಗಾಲಗಳಲ್ಲಿ ಕಾಪಾಡಿದೆ.

ಮೆಣಸಿನಕಾಯಿಯ ಬೀಜವನ್ನು ಫೆಬ್ರವರಿಯಲ್ಲಿ, ಟೊಮೇಟೊವನ್ನು ಮಾರ್ಚ್ ಕೊನೆಗೆ ದೀಪದ ಕೆಳಗೆ ಬಿತ್ತಬಹುದು. ಹೊರಗೆ ನೆಡಲು ಮಾತ್ರ ಅವಸರ ಬೇಡ. ಮೇ ಕೊನೆಯಲ್ಲಿ 20 ಡಿಗ್ರಿ ಬಿಸಿಲು ಕಂಡು ನಾನು ಟೊಮೇಟೊ ಸಸಿಗಳನ್ನು ನೆಟ್ಟಿದ್ದೆ. ನಾಲ್ಕನೆಯ ರಾತ್ರಿ ಮೋಡವಿರಲಿಲ್ಲ, ಗಾಳಿಯೂ ಇರಲಿಲ್ಲ, ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ, ಬೆಳಗ್ಗೆ ನೋಡಿದರೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಬೇಸಿಗೆಯ ಈ ಹಿಮವನ್ನು ಇಲ್ಲಿಯವರು ‘ಹಲ್ಲಾ’ ಎನ್ನುತ್ತಾರೆ. ಜೂನ್ ಮೊದಲ ಭಾಗದಲ್ಲಿ ಬರುವ ಅಂಥ ರಾತ್ರಿಗಳಿಗೆ ‘ಕಬ್ಬಿಣದ ರಾತ್ರಿ’ಗಳೆಂದೇ ಹೆಸರು. ಅವು ಕಳೆಯುವವರೆಗೆ ಗಾಜು ಹಾಕಿಸಿದ ಬಾಲ್ಕನಿಯೇ ಸಸಿಗಳಿಗೆ ಸುರಕ್ಷಿತ ಜಾಗ. ಹಣ್ಣಿನ ಗಿಡ ಕೊಳ್ಳುವುದಾದರೆ ಅದರ ಚೀಟಿಯಲ್ಲಿರುವ ರೋಮನ್ ಅಂಕಿಯನ್ನು ನೋಡಿ. ಫಿನ್ಲೆಂಡನ್ನು ಎಂಟು ಬೆಳೆವಲಯಗಳಾಗಿ ವಿಂಗಡಿಸಿದ್ದಾರೆ, ನಮ್ಮದು ಐದನೆಯದು.

ಇನ್ನು ದೀರ್ಘ ಹಗಲಿನ ಮಾತು. ಜೂನ್‌ನಲ್ಲಿ ಬಿತ್ತಿದ ಕೊತ್ತಂಬರಿ ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂವಿನ ದಂಟನ್ನು ಎಬ್ಬಿಸಿಬಿಡುತ್ತದೆ, ಏಕೆಂದರೆ ಅದಕ್ಕೆ ಹಗಲು ಉದ್ದವಾದಷ್ಟೂ ಹೂ ಬಿಡುವ ಆತುರ. ಹಾಗಾಗಿ ಕೊತ್ತಂಬರಿಯನ್ನು ಮನೆಯೊಳಗೆ ದೀಪದಡಿಯಲ್ಲಿ, ಇಲ್ಲವೇ ಆಗಸ್ಟ್ ಮೊದಲಲ್ಲಿ ಬೆಳೆಯುವುದು ಒಳ್ಳೆಯದು. ಸಬ್ಬಸಿಗೆಯ ಬಗ್ಗೆ ಚಿಂತಿಸಲೇಬೇಡಿ: ಇಲ್ಲಿಯವರು ಹೊಸ ಆಲೂಗಡ್ಡೆಯೊಂದಿಗೆ ತಿನ್ನುವ ‘ತಿಲ್ಲಿ’ ಅದೇ ಜಾತಿಯ ಸೊಪ್ಪು, ಎರಡು ವಾರಕ್ಕೊಂದು ಸಾಲು ಬಿತ್ತುತ್ತಾ ಹೋದರೆ ಸೆಪ್ಟೆಂಬರ್‌ವರೆಗೂ ಅಕ್ಕಿರೊಟ್ಟಿಗೆ ಕೊರತೆಯಿರುವುದಿಲ್ಲ.

ಅವರೆಯ ಸ್ವಭಾವ ಕೊತ್ತಂಬರಿಗೆ ನೇರ ವಿರುದ್ಧ. ರಾಗಿ ಹೊಲದ ಅಕ್ಕಡಿ ಸಾಲಿನ ನಮ್ಮ ಸೊಗಡಿನ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಔಲುವಿನಲ್ಲಿ ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ, ಅಷ್ಟರಲ್ಲಿ ಹಿಮ ಬಿದ್ದಿರುತ್ತದೆ. ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದಿದೆಯಾದರೂ, ಅವಕ್ಕೂ ಬೇಕಾದ ಬೆಚ್ಚನೆಯ ರಾತ್ರಿಗಳು ಇಲ್ಲಿಲ್ಲ. ಆದ್ದರಿಂದ ನಾನು ಬೆಳೆಯುವುದು ‘ಹ್ಯಾರ್ಕಾಪಾಪು’ ಎಂಬ ಇಲ್ಲಿಯ ಹಳೆಯ ಕಾಳನ್ನು, ಇಂಗ್ಲಿಷಿನಲ್ಲಿ ಇದು ಫಾವಾ ಬೀನ್. ಮೇ ನಡುವಿನಲ್ಲಿ, ಮಣ್ಣು ಇನ್ನೂ ತಣ್ಣಗಿರುವಾಗಲೇ ಬಿತ್ತಿದರೂ ಅದು ಎದ್ದು ಬರುತ್ತದೆ, ಸಣ್ಣ ಹಿಮಕ್ಕೆ ಹೆದರುವುದಿಲ್ಲ, ಆಗಸ್ಟ್‌ನಲ್ಲಿ ಕಾಯಿ ಕೊಡುತ್ತದೆ. ಬಲಿತ ಹಸಿಕಾಳನ್ನು ಒಂದು ನಿಮಿಷ ಕುದಿನೀರಿಗೆ ಹಾಕಿ ತೆಗೆದು, ತುದಿಯನ್ನು ಉಗುರಿನಿಂದ ಸೀಳಿ, ಎರಡು ಬೆರಳುಗಳ ನಡುವೆ ಹಿಸುಕಿದರೆ ದಪ್ಪ ಸಿಪ್ಪೆ ಕೈಯಲ್ಲಿ ಉಳಿದು ಹಸಿರು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಸೊಗಡು ಅದಕ್ಕಿಲ್ಲ, ಆದರೆ ಹಿಸುಕಿದ ಬೇಳೆ ಸಾರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆಯಿದ್ದರೆ ಮಾತ್ರ ಈ ಕಾಳನ್ನು ಕೊಡಲೇಬಾರದು, ರಕ್ತಕಣಗಳು ಒಡೆಯುವ ಅಪಾಯವಿದೆ. ಹಾಗಿಲ್ಲದಿದ್ದರೆ ತಿಳಿಸಿ, ಹೋದ ವರ್ಷದ ಕಾಳು ಎರಡು ಹಿಡಿಯಷ್ಟು ಡಬ್ಬಿಯಲ್ಲಿದೆ. ಮರಿಗಿಡದ ಜೊತೆಗೆ ಅದನ್ನೂ ಕೊಡುತ್ತೇನೆ.