ಎರಡು ತಿಂಗಳ ನಾಯಿಮರಿಯನ್ನು ಹೊರಗೆ ಬಿಡೋದು ಯಾವಾಗ?

ಮರಿಗೆ 8 ವಾರ, ಒಂದು ಲಸಿಕೆ ಆಗಿದೆ, ರಸ್ತೆಗೆ ಇಳಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದು ಇಳಿಯುವ ಹೊತ್ತು ಮರಿಯಿಂದ ಮರಿಗೆ ಬೇರೆ. ಅದಕ್ಕೇ 2ರಿಂದ 4 ವಾರಕ್ಕೊಮ್ಮೆ ಕೊಡಿಸುತ್ತಾ ಹೋಗಿ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬೀಳಬೇಕು. ಎರಡು ಡೋಸಿಗೇ ನಿಲ್ಲಿಸಿದರೆ ಪಾರ್ವೊ (ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಬರುವ ಅಪಾಯ ಹಾಗೇ ಉಳಿಯುತ್ತದೆ. ಆ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿಕೊಂಡೇ ಮನೆಯೊಳಗೆ ಬರುತ್ತದೆ. ಚಪ್ಪಲಿ ಹೊರಗೇ ಬಿಡಿ.

ಹಾಗಂತ ಮನೆಯೊಳಗೇ ಕೂಡಿಹಾಕೋದೂ ತಪ್ಪು. 3ರಿಂದ 14 ವಾರದೊಳಗೆ ಕಂಡು ಕೇಳಿ ಅಭ್ಯಾಸವಾಗಿದ್ದಕ್ಕೆ ಮುಂದೆ ಅಷ್ಟಾಗಿ ಹೆದರುವುದಿಲ್ಲ. ದಿನಾ 10 ನಿಮಿಷ ಎತ್ತಿಕೊಂಡು ಬಾಗಿಲ ಹೊರಗೆ ನಿಲ್ಲಿ: ಬೈಕ್ ಸದ್ದು, ಬಿಚ್ಚಿದ ಛತ್ರಿ, ಓಡಾಡುವ ಮಕ್ಕಳು. ಕಿವಿ ಹಿಂದಕ್ಕೆ ಒತ್ತಿಕೊಂಡು ಮತ್ತೆ ಮತ್ತೆ ತುಟಿ ನೆಕ್ಕಿದರೆ ಹೆದರಿದೆ ಅಂತ ಅರ್ಥ. ದೂರ ಸರಿದು ತಿನಿಸು ಕೊಡಿ. ಲಸಿಕೆ ಪೂರ್ತಿಯಾದ ಪರಿಚಯದ ನಾಯಿಯ ಜೊತೆ ಆಡಲು ಬಿಡಬಹುದು. ರೇಬೀಸ್ ಲಸಿಕೆ 12 ವಾರದ ನಂತರ, ವರ್ಷಕ್ಕೆ ಬೂಸ್ಟರ್. ವಾಂತಿ, ರಕ್ತ ಬೆರೆತ ಭೇದಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ವೈದ್ಯರ ಹತ್ತಿರ ಓಡಿ.