ಕನೋವಾ ಹೆಸರಿನ ಅಮೃತಶಿಲೆ ಶಿಲ್ಪ ಕೊಳ್ಳಬಹುದಾ?

ಫ್ಲಾರೆನ್ಸ್‌ನ ಹಳೆ ವಸ್ತುಗಳ ವ್ಯಾಪಾರಿಯೊಬ್ಬ ರೋಮನ್ ಪುರಾಣದ ಪ್ರೇಮದೇವತೆ ಕ್ಯುಪಿಡ್ ಮತ್ತು ಅವನ ಪ್ರೇಯಸಿ ಸೈಕಿಯ ಎರಡೂವರೆ ಅಡಿ ಎತ್ತರದ ಅಮೃತಶಿಲೆ ಶಿಲ್ಪ ಮಾರಾಟಕ್ಕಿಟ್ಟಿದ್ದಾನೆ, '19ನೇ ಶತಮಾನ, ಕನೋವಾ' ಎಂದು ಇಟಲಿಯ ಪ್ರಸಿದ್ಧ ಶಿಲ್ಪಿಯ ಹೆಸರು ಬರೆದಿದ್ದಾನೆ, ಬೆಂಗಳೂರಿಗೆ ತರಿಸಬಹುದಾ ಎಂದು ಕೇಳಿದ್ದೀರಿ. ಇಷ್ಟವಾಗಿದ್ದರೆ ಧಾರಾಳವಾಗಿ ಕೊಳ್ಳಿ. ಆದರೆ ಕನೋವಾ ಹೆಸರಿಗೆ ಅಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಕನೋವಾ ಈ ಜೋಡಿಯನ್ನು ಕೆತ್ತಿದ್ದು ಬ್ರಿಟಿಷ್ ಕರ್ನಲ್ ಒಬ್ಬನಿಗಾಗಿ. ಅವನು 1787ರಲ್ಲಿ ಕೇಳಿದ, ಕೆಲಸ ಮುಗಿದದ್ದು 1793ರಲ್ಲಿ. ಅದು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಇನ್ನೊಂದು ಪ್ರತಿ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿದೆ. ಕನೋವಾನ 'ಮೂವರು ಗ್ರೇಸ್‌ಗಳು' ಎಂಬ ಶಿಲ್ಪ ದೇಶ ಬಿಟ್ಟು ಹೋಗಬಾರದು ಅಂತ 1994ರಲ್ಲಿ ಬ್ರಿಟನ್ನಿನ ಎರಡು ಮ್ಯೂಸಿಯಂಗಳು ಸೇರಿ 76 ಲಕ್ಷ ಪೌಂಡ್ ಕೊಟ್ಟವು. ಅಂಥವನ ಸ್ವಂತ ಕೈಕೆಲಸ ಹೀಗೆ ಅಂಗಡಿಯಲ್ಲಿ ಸುಮ್ನೆ ಸಿಗುತ್ತದಾ, ನೀವೇ ಹೇಳಿ.

ಹಾಗಂತ ನಕಲು ಎಂದ ಮಾತ್ರಕ್ಕೆ ಕಳಪೆ ಅಲ್ಲ. 19ನೇ ಶತಮಾನದಲ್ಲಿ ಇಟಲಿಗೆ ಬರುತ್ತಿದ್ದ ಶ್ರೀಮಂತ ಪ್ರವಾಸಿಗರಿಗಾಗಿ ಬಜಾಂತಿ, ಫ್ರಿಲ್ಲಿಯಂಥ ಫ್ಲಾರೆನ್ಸ್‌ನ ಕಾರ್ಖಾನೆಗಳು ಪ್ರಸಿದ್ಧ ಶಿಲ್ಪಗಳ ಪ್ರತಿಗಳನ್ನು ಕೆತ್ತಿ ಮಾರುತ್ತಿದ್ದವು. ಪ್ಲಾಸ್ಟರ್ ಮಾದರಿಯ ಮೇಲೆ ಲೋಹದ ಮೊಳೆಗಳಿಂದ ಗುರುತು ಹಾಕಿ, ಅಳತೆ ಹಿಡಿದು, ಅದೇ ಅಳತೆಯಲ್ಲಿ ಕಲ್ಲನ್ನು ಕಡಿಯುತ್ತಿದ್ದರು. ಕನೋವಾನ ಸಹಾಯಕರು ಮಾಡುತ್ತಿದ್ದದ್ದೂ ಇದನ್ನೇ. ಅವನ ಹುಟ್ಟೂರು ಪೊಸ್ಸಾನ್ಯೊದಲ್ಲಿ ಉಳಿದಿರುವ ಪ್ಲಾಸ್ಟರ್ ಮಾದರಿಗಳ ಮೈಮೇಲೆ ಆ ಲೋಹದ ಮೊಳೆಗಳು ಇವತ್ತಿಗೂ ಕಾಣುತ್ತವೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಮುಸುಕಿನ ರೆಬೆಕಾ ಎಂಬ ಅಮೃತಶಿಲೆ ವಿಗ್ರಹ ನೋಡಿದ್ದೀರಾ? ಅದನ್ನು ಮಾಡಿದ ಇಟಲಿಯ ಶಿಲ್ಪಿ ಬೆನ್ಜೋನಿ ಅದೇ ವಿಗ್ರಹವನ್ನು ಮತ್ತೆ ಮತ್ತೆ ಮಾಡಿ ಮಾರಿದ. ಅದರಿಂದ ಅದರ ಅಂದ ಏನೂ ಕಡಿಮೆಯಾಗಿಲ್ಲ.

ಆದ್ದರಿಂದ ನೋಡಬೇಕಾದದ್ದು ಕೆಲಸ ಹೇಗಿದೆ ಅನ್ನುವುದನ್ನು. ವ್ಯಾಪಾರಿಗಳು ಯಾವಾಗಲೂ ಮುಖದ ಕಡೆಯ ಫೋಟೊ ಹಾಕುತ್ತಾರೆ. ನೀವು ಬೆನ್ನು, ರೆಕ್ಕೆಯ ಕೆಳಭಾಗ, ಬೆರಳುಗಳ ಸಂದು, ಪೀಠದ ತಳ, ಇವುಗಳ ಫೋಟೊ ಕೇಳಿ. ಕೈಯಿಂದ ಕಡಿದ ಕಲ್ಲಾದರೆ ತಳದಲ್ಲಿ ಉಳಿಯ ಗೆರೆ, ಗುಂಗುರು ಕೂದಲಿನ ಆಳದಲ್ಲಿ ಡ್ರಿಲ್ ತೂತಿನ ಗುರುತು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಮಾರ್ಬಲ್ ಪುಡಿಯನ್ನು ರೆಸಿನ್‌ಗೆ ಕಲಸಿ ಅಚ್ಚಿಗೆ ಹುಯ್ದದ್ದಾದರೆ ಅಚ್ಚಿನ ಜೋಡಣೆಯ ಗೆರೆ, ಸಣ್ಣ ಗುಳ್ಳೆಯ ಕುಳಿಗಳು ಕಾಣಬಹುದು. ತೂಕವನ್ನೂ ಕೇಳಿ. ಒಂದು ಘನ ಅಡಿ ಅಮೃತಶಿಲೆ ಸುಮಾರು 76 ಕೆಜಿ ಇರುತ್ತದೆ. ಎರಡೂವರೆ ಅಡಿಯ ಜೋಡಿ ವಿಗ್ರಹ 15 ಕೆಜಿ ಅಂದರೆ ಅದು ಗಟ್ಟಿ ಕಲ್ಲಲ್ಲ. ಇಟಲಿಯ ವೊಲ್ತೆರಾ ಊರಿನ ಅಲಬಾಸ್ಟರ್ ಎಂಬ ಕಲ್ಲು ಕೂಡ ಕೆಲವೊಮ್ಮೆ ಮಾರ್ಬಲ್ ಹೆಸರಲ್ಲಿ ಬಿಕರಿಯಾಗುತ್ತದೆ. ಅದು ಉಗುರಿನಿಂದ ಗೀರಬಹುದಾದಷ್ಟು ಮೆದು. ರೆಕ್ಕೆಯ ತುದಿ, ಬೆರಳುಗಳು ಮುರಿದು ಅಂಟಿಸಿದ್ದಾರಾ ಎಂದು ನೇರವಾಗಿ ಕೇಳಿ. ರಿಪೇರಿ ಇದ್ದರೆ ತಪ್ಪೇನಿಲ್ಲ, ಮುಚ್ಚಿಟ್ಟರೆ ತಪ್ಪು. ನನಗಂತೂ ಆಸಿಡ್ ಹಾಕಿ ಉಜ್ಜಿ ಬೆಳ್ಳಗೆ ಮಾಡಿದ್ದಕ್ಕಿಂತ ಸ್ವಲ್ಪ ಹಳದಿಗಟ್ಟಿದ ಕಲ್ಲೇ ಇಷ್ಟ.

ಇನ್ನು ಕಾಗದಪತ್ರ. ಇಟಲಿಯಲ್ಲಿ 70 ವರ್ಷಕ್ಕಿಂತ ಹಳೆಯ ಕಲಾಕೃತಿ 13,500 ಯೂರೊಗಿಂತ ಜಾಸ್ತಿ ಬೆಲೆಯದ್ದಾದರೆ, ದೇಶದಿಂದ ಹೊರಗೆ ಕಳಿಸಲು ಸಂಸ್ಕೃತಿ ಸಚಿವಾಲಯದ ಅನುಮತಿ ಬೇಕು. ಅದಕ್ಕಿಂತ ಕಡಿಮೆಯಾದರೆ ಸ್ವಯಂ ಘೋಷಣೆ ಸಾಕು. ಈ ಕಾಗದಪತ್ರ ಮಾಡಿಸುವ ಜವಾಬ್ದಾರಿ ಮಾರುವವನದೇ ಎಂದು ಬರಹದಲ್ಲಿ ತೆಗೆದುಕೊಳ್ಳಿ, ಆಮೇಲೆ ದುಡ್ಡು ಕಳಿಸಿ. ನಮ್ಮ ಕಸ್ಟಮ್ಸ್‌ನಲ್ಲಿ 100 ವರ್ಷ ದಾಟಿದ ಪುರಾತನ ವಸ್ತುಗಳಿಗೆ ಬೇರೆಯೇ ವರ್ಗ ಇದೆ, ಹಾಗಾಗಿ ಶಿಲ್ಪದ ಕಾಲ ನಮೂದಿಸಿದ ಬಿಲ್ ಮತ್ತು ಪರಿಣತರ ಪತ್ರ ಜೊತೆಯಲ್ಲಿರಲಿ. ಮರದ ಪೆಟ್ಟಿಗೆ, ಇನ್ಶೂರೆನ್ಸ್, ಸಾಗಣೆ ಖರ್ಚು ಕೂಡಿಸಿ ಒಟ್ಟು ಮೊತ್ತ ಹೇಳಿ ಅನ್ನಿ. ಬೆನ್ನಿನ ಫೋಟೊ ಕೊಡಲು ಸತಾಯಿಸಿದರೆ ಬೇರೆ ಅಂಗಡಿ ನೋಡಿ.