ಮೊದಲನೇ ಟ್ರ್ಯಾಕ್ ಡೇಗೆ (ಸ್ವಂತ ಗಾಡೀನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನ) ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಕಾರಿಗೆ ಯಾವ ಬ್ರೇಕ್ ಪ್ಯಾಡ್ ಹಾಕಿಸ್ಲಿ? ಅದೇ ಪ್ಯಾಡ್ ದಿನಾ ಓಡಾಡೋಕೂ ನಡೆಯುತ್ತಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ. ಪೂರ್ತಿ ರೇಸ್ ಪ್ಯಾಡ್ ಹಾಕ್ಕೊಂಡು ಸಿಲ್ಕ್ ಬೋರ್ಡ್ ಕಡೆ ಆಫೀಸಿಗೆ ಹೋಗೋದು ಬೇಡ, ದಯವಿಟ್ಟು ಬೇಡ. ಅವು ಬಿಸಿಯಾದ ಮೇಲೆ ಕೆಲಸ ಮಾಡೋಕೆ ಅಂತಾನೇ ಮಾಡಿರೋ ಪ್ಯಾಡ್‌ಗಳು, ತಣ್ಣಗಿದ್ದಾಗ ಕಚ್ಚೋದು ಕಮ್ಮಿ. ಮಳೆಗಾಲದ ಬೆಳಿಗ್ಗೆ ಮನೆಯಿಂದ ಹೊರಟು ಮೊದಲನೇ ಸಿಗ್ನಲ್ಲಲ್ಲಿ ಮುಂದೆ ಆಟೋದವನು ಗಕ್ಕಂತ ನಿಲ್ಲಿಸಿದ್ರೆ ನಿಮಗೆ ಬೇಕಾಗಿರೋದು ತಣ್ಣಗಿದ್ರೂ ಹಿಡಿಯೋ ಪ್ಯಾಡು. ಜೊತೆಗೆ ಕಿರ್ ಅಂತ ಸದ್ದು, ಅಲಾಯ್ ಚಕ್ರದ ಮೇಲೆ ಕೂತ್ಕೊಂಡು ಕರೆ ಹಿಡಿಸೋ ಪುಡಿ, ಡಿಸ್ಕ್ ಸವೆಯೋದು, ಇದೆಲ್ಲ ಬೇರೆ.

ಈಗ ಯಾವ ಪ್ಯಾಡು ಅನ್ನೋದು. ಪ್ಯಾಡ್ ಬದಲಾಯಿಸಿದ್ರೆ ಗಾಡಿ ಬೇಗ ನಿಲ್ಲತ್ತೆ ಅಂತ ತುಂಬಾ ಜನ ನಂಬ್ಕೊಂಡಿದ್ದಾರೆ, ಅದು ನಿಜ ಅಲ್ಲ. ಕಂಪನಿಯಿಂದ ಬಂದ ಪ್ಯಾಡಲ್ಲೇ ನೂರು ಕಿಲೋಮೀಟರ್ ಸ್ಪೀಡಲ್ಲಿ ಪೆಡಲ್ ಪೂರ್ತಿ ಒತ್ತಿದ್ರೆ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಬಂದ್ಬಿಡತ್ತೆ, ಅಂದ್ರೆ ಟೈರ್ ಹಿಡಿತ ಅಲ್ಲಿಗೆ ಮುಗೀತು, ಇನ್ನೆಷ್ಟು ದುಬಾರಿ ಪ್ಯಾಡ್ ಹಾಕಿದ್ರೂ ಆ ಒಂದು ಸಲ ನಿಲ್ಲೋ ದೂರ ಹೆಚ್ಚೇನೂ ಬದಲಾಗಲ್ಲ. ಒಳ್ಳೇ ಪ್ಯಾಡಿಂದ ಸಿಗೋದು ಏನಂದ್ರೆ ಐದನೇ ಲ್ಯಾಪಲ್ಲೂ ಮೊದಲನೇ ಲ್ಯಾಪಿನ ಥರಾನೇ ನಿಲ್ಲೋದು. ನೀವು ದುಡ್ಡು ಕೊಡ್ತಿರೋದು ಬಿಸಿ ತಡ್ಕೊಳ್ಳೋ ಶಕ್ತಿಗೆ.

ಎಷ್ಟು ಬಿಸಿ ಅಂತ ಒಂದು ಲೆಕ್ಕ ನೋಡಿ. ನೀವೂ ಸೇರಿ ಗಾಡಿ 1200 ಕೆಜಿ ಅಂತ ಇಟ್ಕೊಳ್ಳಿ. 80 ಕಿಲೋಮೀಟರ್ ಸ್ಪೀಡಿಂದ ಪೂರ್ತಿ ನಿಲ್ಲಿಸೋಕೆ ಎಷ್ಟು ಶಾಖ ಹುಟ್ಟತ್ತೋ ಅದರ ಮೂರು ಪಟ್ಟು 160ರಿಂದ 80ಕ್ಕೆ ಇಳಿಸೋದ್ರಲ್ಲೇ ಹುಟ್ಟತ್ತೆ, ಸುಮಾರು 9 ಲಕ್ಷ ಜೌಲ್. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕಿಗೆ ಹೋಗತ್ತೆ, ಒಂದೊಂದು ಡಿಸ್ಕ್ 5 ಕೆಜಿ ಇದ್ರೆ ಆ ಒಂದೇ ಬ್ರೇಕಿಂಗಲ್ಲಿ 100 ಡಿಗ್ರಿಗಿಂತ ಜಾಸ್ತಿ ಏರತ್ತೆ. ಅದು ಇಳಿಯೋ ಮುಂಚೆ ಮುಂದಿನ ಕಾರ್ನರ್ ಬಂದಿರತ್ತೆ. ಶ್ರೀಪೆರಂಬದೂರಿನ ಟ್ರ್ಯಾಕ್ 3.7 ಕಿಲೋಮೀಟರ್, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಬರೀ 2.1, ಅಲ್ಲಿ ಸ್ಪೀಡ್ ಕಮ್ಮಿ ಇದ್ರೂ ಬ್ರೇಕಿಗೆ ತಣ್ಣಗಾಗೋಕೆ ಪುರುಸೊತ್ತೇ ಸಿಗಲ್ಲ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಲ್ಲಿ ಒಂದು ಕಿಲೋಮೀಟರ್ ಮೇಲಿರೋ ಸ್ಟ್ರೇಟ್ ಇದೆ, ಅಲ್ಲಿ ಒಂದೊಂದು ಬ್ರೇಕಿಂಗೂ ಭಾರೀ. ಅದಕ್ಕೇ ಒಂದು ಟ್ರ್ಯಾಕಲ್ಲಿ ಸರಿಹೋದ ಪ್ಯಾಡ್ ಇನ್ನೊಂದ್ಕಡೆ ಕೈಕೊಡಬಹುದು.

ಕಂಪನಿ ಪ್ಯಾಡು ಈ ಶಾಖಕ್ಕೆ ತಾಳಲ್ಲ, ಒಳಗಿರೋ ರಾಳ ಸುಟ್ಟು ಗ್ಯಾಸ್ ಬಿಡತ್ತೆ, ಮೂಗಿಗೆ ಘಾಟು ಬಡಿಯತ್ತೆ, ಪೆಡಲ್ ಕಲ್ಲಿನ ಥರ ಗಟ್ಟಿ ಇರತ್ತೆ ಆದ್ರೆ ಗಾಡಿ ನಿಲ್ಲಲ್ಲ. ಇದು ಪ್ಯಾಡ್ ಫೇಡ್. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದ್ರೆ ಅದು ಪ್ಯಾಡಿನ ತಪ್ಪಲ್ಲ, ಬ್ರೇಕ್ ಆಯಿಲ್ ಕುದ್ದಿದೆ ಅಂತ ಅರ್ಥ. ಈ ಎರಡನ್ನ ಕಾಲಲ್ಲೇ ಗುರುತು ಹಿಡಿಯೋದು ಕಲೀರಿ, ಇಲ್ಲಾಂದ್ರೆ ಆಯಿಲ್ ಸಮಸ್ಯೆಗೆ ಪ್ಯಾಡ್ ಮೇಲೆ ಪ್ಯಾಡ್ ಕೊಳ್ತಾ ಇರ್ತೀರ.

ಮೊದಲನೇ ಸಲ ಹೋಗೋರಿಗೆ ನಾನು ಹೇಳೋದು ಯಾವಾಗ್ಲೂ ಒಂದೇ, ಮೊದಲು ಆಯಿಲ್, ಆಮೇಲೆ ಪ್ಯಾಡ್. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯತ್ತೆ, ಗಾಳಿಯಿಂದ ತೇವ ಹೀರ್ಕೊಂಡ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯತ್ತೆ. ಮೂರು ವರ್ಷದ ಹಿಂದೆ ಹಾಕಿದ ಆಯಿಲ್ ಇಟ್ಕೊಂಡು ಟ್ರ್ಯಾಕಿಗೆ ಇಳಿಯಬೇಡಿ. ಮೋಟುಲ್ ಆರ್‌ಬಿಎಫ್ 600 ಥರದ ರೇಸಿಂಗ್ ಆಯಿಲ್ ಹೊಸದಿದ್ದಾಗ 312 ಡಿಗ್ರಿ ತಡೆಯತ್ತೆ. ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದ್ರೆ ಹಳೇ ಆಯಿಲ್ಲೂ ಗಾಳೀನೂ ಹೊರಗೆ ತೆಗೆಸಿ, ನೀವೇ ಪಕ್ಕದಲ್ಲಿ ನಿಂತ್ಕೊಂಡು ನಿಪ್ಪಲ್ಲಿಗೆ ಹಾಕಿರೋ ಪೈಪಲ್ಲಿ ಕಂದು ಬಣ್ಣ ಹೋಗಿ ತಿಳಿಯಾಗಿ, ಒಂದೂ ಗುಳ್ಳೆ ಇಲ್ದೆ ಬರೋವರೆಗೂ ನೋಡಿ. ಡಾಟ್ 5 ಅನ್ನೋದು ಸಿಲಿಕಾನ್, ಅದನ್ನ ಮಾತ್ರ ಇದಕ್ಕೆ ಬೆರೆಸಬೇಡಿ, 5.1 ಬೇರೆ, ಅದು ಪರವಾಗಿಲ್ಲ.

ಪ್ಯಾಡಿಗೆ ಬಂದ್ರೆ, ರಸ್ತೆ ಟೈರಲ್ಲಿ ಓಡಿಸ್ತೀರ, 15-20 ನಿಮಿಷದ ಸೆಷನ್, ಅಷ್ಟಕ್ಕೆ ಫೆರೋಡೋ ಡಿಎಸ್ 2500 ಅಥವಾ ಇಬಿಸಿ ಯೆಲ್ಲೋಸ್ಟಫ್ ಥರದ ನಡುವಿನ ದರ್ಜೆ ಸಾಕು, ಇವುಗಳಲ್ಲಿ ಮನೆಯಿಂದ ಟ್ರ್ಯಾಕಿಗೆ ಓಡಿಸ್ಕೊಂಡೇ ಹೋಗಬಹುದು. ಮುಂದೆ ಸೆಮಿ ಸ್ಲಿಕ್ (ಗೆರೆ ಕಮ್ಮಿ ಇರೋ, ಹಿಡಿತ ಜಾಸ್ತಿ ಇರೋ ಟೈರ್) ಹಾಕಿ ರೇಸಿಗೆ ಇಳಿದ್ರೆ ಆಗ ಪೂರ್ತಿ ರೇಸ್ ಪ್ಯಾಡ್ ಬೇಕಾಗತ್ತೆ, ಅದನ್ನ ಬೇರೆ ಸೆಟ್ ಆಗಿ ಇಟ್ಕೊಂಡು ಟ್ರ್ಯಾಕ್ ಪಕ್ಕ ಗಾಡಿ ಸಿದ್ಧ ಮಾಡೋ ಜಾಗದಲ್ಲಿ (ಪ್ಯಾಡಕ್) ಹಾಕಿ ಸಂಜೆ ತೆಗೀರಿ. ನೀವು ಸ್ಪರ್ಧಿಸೋ ರೇಸ್ ಕ್ಲಾಸಿನ (ವಿಭಾಗದ) ರೂಲ್ಸಲ್ಲಿ ಪ್ಯಾಡ್ ಬದಲಾಯಿಸೋಕೆ ಬಿಡ್ತಾರಾ ಅಂತಾನೂ ನೋಡ್ಕೊಳ್ಳಿ. ಪ್ಯಾಡಿನ ಅಂಚಲ್ಲಿ ಎಫ್‌ಎಫ್, ಜಿಜಿ ಅಂತ ಎರಡಕ್ಷರ ಇರತ್ತಲ್ಲ, ಅಂಗಡಿಯವರು ಜಿ ಇದ್ರೆ ಒಳ್ಳೇದು ಅಂತ ತೋರಿಸ್ತಾರೆ. ಎಫ್ ಅಂದ್ರೆ ಘರ್ಷಣೆ ಗುಣಾಂಕ (ಹಿಡಿತದ ಅಳತೆ) 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55, ಅಷ್ಟೇ. ಆ ಪರೀಕ್ಷೆ ಸುಮಾರು 340 ಡಿಗ್ರಿಗೇ ನಿಲ್ಲತ್ತೆ, ಟ್ರ್ಯಾಕಲ್ಲಿ ಡಿಸ್ಕು 500 ದಾಟಿದಾಗ ಏನಾಗತ್ತೆ ಅಂತ ಆ ಅಕ್ಷರ ಹೇಳಲ್ಲ. ನೀವು ಕೇಳಬೇಕಾಗಿರೋದು ಕಂಪನಿಯವರ ಉಷ್ಣತೆ-ಘರ್ಷಣೆ ಗ್ರಾಫು, ಗೆರೆ ಎಲ್ಲಿವರೆಗೂ ಮಟ್ಟವಾಗಿದೆ, ಎಲ್ಲಿ ಬೀಳತ್ತೆ ಅಂತ ನೋಡಿ. ನಿಮ್ಮ ಗಾಡೀಲಿ ಹಿಂದಿನ ಚಕ್ರಕ್ಕೆ ಡಿಸ್ಕ್ ಬದಲು ಡ್ರಮ್ ಬ್ರೇಕ್ ಇರೋದ್ರಿಂದ ಅದನ್ನ ಮುಟ್ಟೋದೇ ಬೇಡ, ಸ್ಥಿತಿ ಚೆನ್ನಾಗಿದ್ರೆ ಸಾಕು.

ಹೊಸ ಪ್ಯಾಡ್ ಹಾಕಿದ ದಿನವೇ ಟ್ರ್ಯಾಕಿಗೆ ಹೋಗಬೇಡಿ, ಅದಕ್ಕೆ ಬೆಡ್ಡಿಂಗ್ ಆಗಬೇಕು, ಅಂದ್ರೆ ಪ್ಯಾಡಿನ ತೆಳು ಪದರ ಡಿಸ್ಕ್ ಮೇಲೆ ಸಮವಾಗಿ ಕೂರಬೇಕು. ಪ್ಯಾಡಿನ ಡಬ್ಬಿ ಮೇಲಿರೋ ಕ್ರಮಾನೇ ಅನುಸರಿಸಿ, ಸಾಮಾನ್ಯವಾಗಿ ಖಾಲಿ ರಸ್ತೇಲಿ ಜೋರಾಗಿ ಸ್ಪೀಡ್ ಇಳಿಸೋದು, ಮತ್ತೆ ಏರಿಸೋದು, ಹಾಗೇ ಹಲವು ಸಲ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗೆ ಮಾಡೋದು. ಬಿಸಿ ಇದ್ದಾಗ ಪೆಡಲ್ ಒತ್ಕೊಂಡು ನಿಲ್ಲಬೇಡಿ, ಪ್ಯಾಡಿನ ಪದರ ಒಂದೇ ಕಡೆ ಅಂಟ್ಕೊಳ್ಳತ್ತೆ, ಆಮೇಲೆ ಸ್ಟೀರಿಂಗ್ ನಡುಗತ್ತೆ. ಡಿಸ್ಕ್ ಬೆಂಡ್ ಆಗಿದೆ ಅಂತ ಗ್ಯಾರೇಜಲ್ಲಿ ಹೇಳೋ ಎಷ್ಟೋ ಕೇಸಲ್ಲಿ ಆಗಿರೋದು ಇದೇ. ಸೆಷನ್ ಮುಗಿದಾಗ್ಲೂ ಕೊನೇ ಲ್ಯಾಪ್ ನಿಧಾನವಾಗಿ ಬನ್ನಿ, ಪಿಟ್ಟಲ್ಲಿ ಹ್ಯಾಂಡ್‌ಬ್ರೇಕ್ ಎಳೀದೆ ಗೇರಲ್ಲಿ ಹಾಕಿ, ಆಟೋಮ್ಯಾಟಿಕ್ ಆದ್ರೆ ಪಾರ್ಕಲ್ಲಿ, ಚಕ್ರಕ್ಕೆ ಅಡ್ಡ ಇಡಿ.

ಇನ್ನು ಪ್ಯಾಡ್ ಅರ್ಧಕ್ಕಿಂತ ಸವೆದಿದ್ರೆ ಟ್ರ್ಯಾಕಿಗೆ ಬೇಡ, ತೆಳ್ಳಗಾದಷ್ಟೂ ಶಾಖ ಬೇಗ ಪ್ಯಾಡನ್ನ ಒತ್ತೋ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್ಲಿಗೆ ದಾಟತ್ತೆ. ಆರ್ಡರ್ ಮಾಡೋ ಮುಂಚೆ ಒಂದು ಚಕ್ರ ಬಿಚ್ಚಿ ಹಳೇ ಪ್ಯಾಡಿನ ಉದ್ದ, ಎತ್ತರ, ಹಿಂದಿನ ತಗಡಿನ ಆಕಾರ ಅಳೆದು ಫೋಟೋ ತೆಗೆದು ಮಾರೋರಿಗೆ ಕಳಿಸಿ, ವರ್ಷ ಮತ್ತೆ ಇಂಜಿನ್ ನೋಡಿ ಕ್ಯಾಲಿಪರ್ (ಪ್ಯಾಡನ್ನ ಹಿಡಿದು ಡಿಸ್ಕಿಗೆ ಒತ್ತೋ ಭಾಗ) ಬೇರೆ ಇರಬಹುದು, ಬರೀ ಪೋಲೋ ಜಿಟಿ ಅಂತ ಹೆಸರು ಹೇಳಿ ತರಿಸಬೇಡಿ.